ಧಾರವಾಡದ ಬೀಜ, ಕಂಪನಿಯ ವಂಶವಾಹಿ

ಕರ್ನಾಟಕದಲ್ಲಿ ಕೃಷಿ ವಿಶ್ವವಿದ್ಯಾಲಯ ಮತ್ತು ಬೀಜ ಕಂಪನಿಗಳ ನಡುವಿನ ಕೊಡುಕೊಳ್ಳುವಿಕೆಯ ಇತಿಹಾಸ ಬಹುಪಾಲು ಧಾರವಾಡದ ಎರೆಭೂಮಿಯಲ್ಲಿ ನಡೆದದ್ದು. ಅದರ ಮುಖ್ಯ ಬೆಳೆ ಹತ್ತಿ. ಬದನೆ ಬಂದದ್ದು ಕೊನೆಯಲ್ಲಿ. ಸುಮಾರು 40 ವರ್ಷಗಳ ಈ ವ್ಯವಹಾರದ ಮೊದಲ ಅರ್ಧದಲ್ಲಿ ಬೀಜ ವಿಶ್ವವಿದ್ಯಾಲಯದಿಂದ ಹೊರಟು ಕಂಪನಿಯ ಕೈಗೆ ಹೋಗುತ್ತಿತ್ತು. ಎರಡನೆಯ ಅರ್ಧದಲ್ಲಿ ದಿಕ್ಕು ತಿರುಗಿ, ಕಂಪನಿಯ ವಂಶವಾಹಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂತು. ಈ ತಿರುವು ಹೇಗೆ ಆಯಿತು ಎಂದು ತಿಳಿಯಲು ಹತ್ತಿಯ ವಂಶಾವಳಿಯನ್ನೇ ಹಿಡಿದು ಹೊರಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ರೈತರು ಎರಡು ಹತ್ತಿಗಳನ್ನು ಬಲ್ಲವರಾಗಿದ್ದರು. ಒಂದು ಜವಾರಿ ಹತ್ತಿ. ಎತ್ತಿನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಈ ಹತ್ತಿಗೆ ವ್ಯಾಪಾರಿಗಳು ‘ಕುಮಟಾ’ ಎಂದೇ ಹೆಸರಿಟ್ಟಿದ್ದರು. ಇನ್ನೊಂದು ವಿಲಾಯತಿ ಹತ್ತಿ. ಲ್ಯಾಂಕಾಷೈರ್‌ನ ಗಿರಣಿಗಳಿಗೆ ಉದ್ದ ಎಳೆ ಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಮೆರಿಕದಿಂದ ಬೆಳೆಗಾರರನ್ನೂ ನ್ಯೂ ಆರ್ಲಿಯನ್ಸ್ ಬೀಜವನ್ನೂ ತರಿಸಿ, ಹುಬ್ಬಳ್ಳಿಯ ಹತ್ತಿರದ ಕುಸುಗಲ್‌ನಲ್ಲಿ ಪ್ರಯೋಗದ ಹೊಲ ಮಾಡಿತು. ಇಂಡಿಯಾದ ಬೇರೆ ಕಡೆ ಸೋತ ಅಮೆರಿಕದ ಬೀಜ ಧಾರವಾಡದಲ್ಲಿ ಬೇರು ಬಿಟ್ಟಿತು. ಅದೇ ‘ಧಾರವಾಡ ಅಮೆರಿಕನ್’. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇದರ ಬೆಲೆ ಗಗನಕ್ಕೇರಿತು. ಆದರೆ ಎಳೆಯಿಂದ ಬೀಜ ಬಿಡಿಸುವ ಜಿನ್ನುಗಳಲ್ಲಿ ಜವಾರಿಯ ಬೀಜದೊಡನೆ ವಿಲಾಯತಿಯ ಬೀಜ ಬೆರೆಯುತ್ತ ಹೋಗಿ, ರೈತರ ಕೈಗೆ ಸಿಗುವ ಬೀಜದ ಗುಣ ಕೆಡುತ್ತ ಬಂತು. ಶುದ್ಧ ಬೀಜವನ್ನು ಉಳಿಸಿಕೊಡುವ ಹೊಣೆ ಯಾರದು ಎಂಬ ಪ್ರಶ್ನೆ ಈ ಭಾಗದಲ್ಲಿ ಆಗಲೇ ಹುಟ್ಟಿದ್ದು.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಆ ಹೊಣೆಯನ್ನು ಸರ್ಕಾರಿ ಕೃಷಿ ಇಲಾಖೆಯ ತಳಿವಿಜ್ಞಾನಿಗಳು ಹೊತ್ತರು. ಧಾರವಾಡ ಅಮೆರಿಕನ್‌ನಿಂದ ಆರಿಸಿದ ‘ಗದಗ 1’ ತಳಿಯನ್ನು ಕೊಯಮತ್ತೂರಿನ ಕಾಂಬೋಡಿಯಾ ಹತ್ತಿಯೊಡನೆ ಸೇರಿಸಿ ‘ಲಕ್ಷ್ಮಿ’ಯನ್ನು ಪಡೆದರು. ಲಕ್ಷ್ಮಿ ಉತ್ತರ ಕರ್ನಾಟಕದ ಹೊಲಗಳಲ್ಲಿ ದಶಕಗಳ ಕಾಲ ನಿಂತಿತು. ರೈತ ಒಮ್ಮೆ ತಂದ ಬೀಜವನ್ನು ಮುಂದಿನ ವರ್ಷವೂ ಬಿತ್ತಬಹುದಿತ್ತು. ಬೀಜ ಮಾರುವುದು ಒಂದು ದೊಡ್ಡ ಉದ್ಯಮವಾಗಲು ಅದರಲ್ಲಿ ಎಡೆಯೇ ಇರಲಿಲ್ಲ.

ಆ ಎಡೆ ತೆರೆದದ್ದು ಹೈಬ್ರಿಡ್. 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ.ಟಿ. ಪಟೇಲ್ ‘ಎಚ್-4’ ಎಂಬ ಹೈಬ್ರಿಡ್ ಹತ್ತಿಯನ್ನು ಬಿಡುಗಡೆ ಮಾಡಿದರು. ವಾಣಿಜ್ಯ ಬೇಸಾಯಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದಿಂದ ‘ವರಲಕ್ಷ್ಮಿ’ ಬಂತು. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಧಾರವಾಡದ ಕೇಂದ್ರದಲ್ಲಿ ಬಿ.ಎಚ್. ಕಾತರಕಿ ಅವರು ಲಕ್ಷ್ಮಿಯನ್ನು ಹೆಣ್ಣಾಗಿಯೂ, ಈಜಿಪ್ಟಿನ ಹತ್ತಿಯ ಕುಲಕ್ಕೆ ಸೇರಿದ ‘ಎಸ್‌ಬಿ 289ಇ’ಯನ್ನು ಗಂಡಾಗಿಯೂ ಕೂಡಿಸಿ ಇದನ್ನು ಸಾಧಿಸಿದರು. ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಬೆಸೆದು ರೈತನ ಹೊಲಕ್ಕೆ ತಂದದ್ದು ಅದೇ ಮೊದಲು. ನಯವಾದ ಉದ್ದ ಎಳೆಗಾಗಿ ಈಜಿಪ್ಟ್, ಸುಡಾನ್‌ಗಳ ಕಡೆ ನೋಡುತ್ತಿದ್ದ ಇಂಡಿಯಾದ ಗಿರಣಿಗಳಿಗೆ ಅದು ಊರಲ್ಲೇ ಸಿಕ್ಕಿತು. ಕುಸುಗಲ್‌ನ ಹೊಲದಿಂದ ಹೊರಟ ಅಮೆರಿಕದ ಬೀಜ ಗದಗ 1, ಲಕ್ಷ್ಮಿಗಳನ್ನು ದಾಟಿ ವರಲಕ್ಷ್ಮಿಯಲ್ಲಿ ಬಂದು ನಿಂತದ್ದನ್ನು ನೋಡಿದರೆ, ಒಂದು ತಳಿಯ ಹಿಂದೆ ಎಷ್ಟು ತಲೆಮಾರುಗಳ ಸಾರ್ವಜನಿಕ ದುಡಿಮೆ ಇರುತ್ತದೆ ಎಂಬುದು ಮನದಟ್ಟಾಗುತ್ತದೆ. 1981ರಲ್ಲಿ ಧಾರವಾಡದಿಂದಲೇ ‘ಡಿಸಿಎಚ್-32’, ಅಂದರೆ ‘ಜಯಲಕ್ಷ್ಮಿ’ ಬಂತು. ವರಲಕ್ಷ್ಮಿಗಿಂತ ಹೆಚ್ಚು ಬಾಳಿದ್ದು ಇದೇ.

ಹೈಬ್ರಿಡ್ ಹತ್ತಿಯ ಬೀಜವನ್ನು ಇಂಡಿಯಾದಲ್ಲಿ ಕೈಯಿಂದಲೇ ಮಾಡಬೇಕು. ಇದರ ಮೇಲೆಯೇ ಮುಂದಿನ ಇತಿಹಾಸವೆಲ್ಲ ನಿಂತಿರುವುದರಿಂದ ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸೀಡ್ ಪ್ಲಾಟಿನಲ್ಲಿ ಹೆಣ್ಣು ಗಿಡಗಳು ಬೇರೆ, ಗಂಡು ಗಿಡಗಳು ಬೇರೆ. ಮರುದಿನ ಅರಳಲಿರುವ ಮೊಗ್ಗು ಹೆಣ್ಣು ಗಿಡದಲ್ಲಿ ಹಿಂದಿನ ಮಧ್ಯಾಹ್ನವೇ ಉಬ್ಬಿ, ತಿಳಿಹಳದಿ ತುದಿ ತೋರಿಸುತ್ತದೆ. ಆಳು ಆ ಮೊಗ್ಗಿನ ಬುಡಕ್ಕೆ ಹೆಬ್ಬೆರಳಿನ ಉಗುರು ಇಟ್ಟು, ಸುತ್ತ ಸೀಳಿ, ಎಸಳನ್ನೂ ಅದರೊಡನೆ ಅಂಟಿದ ಕೇಸರದ ಕೊಳವೆಯನ್ನೂ ಒಂದೇ ತಿರುವಿಗೆ ಕಿತ್ತು ತೆಗೆಯುತ್ತಾಳೆ. ಒಳಗಿನ ಎಳೆಯ ಶಲಾಕೆ ಮುರಿಯಬಾರದು, ಒಂದು ಪರಾಗದ ಕಣವೂ ಉಳಿಯಬಾರದು. ಬರಿದಾದ ಶಲಾಕೆಗೆ ಕೆಂಪು ಕಾಗದದ ಹೊದಿಕೆ ಹಾಕುತ್ತಾರೆ. ಬಿಸಿಲಿಗೆ ಹೊಲವೆಲ್ಲ ಕೆಂಪು ಚುಕ್ಕಿ ಇಟ್ಟಂತೆ ಕಾಣುತ್ತದೆ. ಮರುದಿನ ಬೆಳಗ್ಗೆ ಗಂಡು ಗಿಡದ ಹೂ ಕೊಯ್ದು, ಹೊದಿಕೆ ತೆಗೆದು, ಪರಾಗವನ್ನು ಶಲಾಕೆಗೆ ಮೃದುವಾಗಿ ಸವರಬೇಕು. ಬಿಸಿಲು ಬಲಿಯುವುದರೊಳಗೆ ಕೆಲಸ ಮುಗಿಯಬೇಕು. ಒಂದು ಗಂಡು ಹೂ ನಾಲ್ಕೈದು ಮೊಗ್ಗಿಗೆ ಸಾಲುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಮೊಗ್ಗು ಬರುವ ಎರಡು ತಿಂಗಳಿನುದ್ದಕ್ಕೂ ಇದು ದಿನಾ ನಡೆಯಬೇಕು. ಪುಟ್ಟ ಬೆರಳುಗಳಿಗೆ ಇದು ಸುಲಭವೆಂದು ಬಹುಕಾಲ ಶಾಲೆಗೆ ಹೋಗಬೇಕಾದ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದ್ದು ಈ ಉದ್ಯಮದ ಇತಿಹಾಸದ ನೋವಿನ ಭಾಗ. ಅದನ್ನು ಬಿಟ್ಟು ಹೈಬ್ರಿಡ್‌ನ ಸಾಧನೆಯನ್ನು ಬರೆದರೆ ಅದು ಪೂರ್ತಿ ಸತ್ಯವಾಗದು.

ವಿಶ್ವವಿದ್ಯಾಲಯದ ಹೊಲದಲ್ಲಿ ಕೆಲವು ಸಾವಿರ ಮೊಗ್ಗು ಕ್ರಾಸಿಂಗ್ ಮಾಡಬಹುದು. ಲಕ್ಷಾಂತರ ಎಕರೆಗೆ ಬೀಜ ಕೊಡುವುದು ಅದರಿಂದ ಆಗದು. ಇದೇ ಕಾರಣದಿಂದ ವಿಶ್ವವಿದ್ಯಾಲಯದ ಸುತ್ತ ಬೀಜದ ಮಾರುಕಟ್ಟೆ ಬೆಳೆಯಿತು. ಸರ್ಕಾರದ ಕಡೆಯಿಂದ 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ, 1973ರಲ್ಲಿ ಕರ್ನಾಟಕ ರಾಜ್ಯ ಬೀಜ ನಿಗಮ ಹುಟ್ಟಿದ್ದವು. ಖಾಸಗಿ ಕಡೆಯಲ್ಲಿ ಬದ್ರಿನಾರಾಯಣ ಬಾರ್ವಾಲೆ 1964ರಲ್ಲಿ ಮಹಾರಾಷ್ಟ್ರದ ಜಾಲ್ನಾದಲ್ಲಿ ಮಹಿಕೋ ಕಟ್ಟಿದ್ದರು. 1965ರಲ್ಲಿ ಬೆಂಗಳೂರಿನಲ್ಲಿ ಮನಮೋಹನ ಅತ್ತಾವರ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿ, 1973ರಲ್ಲಿ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮ್ಯಾಟೊವನ್ನೂ ‘ಭಾರತ್’ ಎಂಬ ದೊಣ್ಣೆ ಮೆಣಸಿನಕಾಯಿಯನ್ನೂ ಹೊರತಂದರು. ರಾಣೆಬೆನ್ನೂರು, ಹಾವೇರಿ, ಕೊಪ್ಪಳ, ಕುಷ್ಟಗಿಗಳ ಸಣ್ಣ ರೈತರು ಒಂದು ಎಕರೆ, ಅರ್ಧ ಎಕರೆ ಸೀಡ್ ಪ್ಲಾಟ್ ಹಾಕುವುದನ್ನು ಕಲಿತರು. ಕಂಪನಿ ಗಂಡು–ಹೆಣ್ಣು ಬೀಜ ಕೊಡುತ್ತದೆ, ರೈತನ ಮನೆಯವರು ಕ್ರಾಸಿಂಗ್ ಮಾಡುತ್ತಾರೆ, ಮಧ್ಯೆ ‘ಆರ್ಗನೈಸರ್’ ಮುಂಗಡ ಹಣ ಹಂಚಿ ಬೀಜ ತೂಗಿಸಿಕೊಳ್ಳುತ್ತಾನೆ. ಬೀಜ ಮೊಳಕೆ ಪರೀಕ್ಷೆಯಲ್ಲಿ ಅಥವಾ ಶುದ್ಧತೆಯ ಪರೀಕ್ಷೆಯಲ್ಲಿ ಸೋತರೆ ನಷ್ಟ ಬೀಳುವುದು ಬಹುಪಾಲು ರೈತನ ತಲೆಯ ಮೇಲೆ.

ಈ ಕಾಲದ ಸಂಬಂಧಕ್ಕೆ ಒಪ್ಪಂದದ ಗಟ್ಟಿ ಚೌಕಟ್ಟು ಇರಲಿಲ್ಲ. ತಳಿ ಬೆಳೆಸಿದ್ದು ಸಾರ್ವಜನಿಕ ಹಣದಿಂದ. ಆದ್ದರಿಂದ ಅದರ ತಾಯಿ–ತಂದೆ ಸಾಲುಗಳು ಸರ್ಕಾರಿ ನಿಗಮಕ್ಕೂ ಸಿಗಬೇಕು, ಕಂಪನಿಗೂ ಸಿಗಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಬೆಂಗಳೂರಿನ ವಿಶ್ವವಿದ್ಯಾಲಯ 1980ರಲ್ಲಿ ‘ಬಿಎಸ್‌ಎಚ್-1’ ಎಂಬ ದೇಶದ ಮೊದಲ ಹೈಬ್ರಿಡ್ ಸೂರ್ಯಕಾಂತಿಯನ್ನೂ, ಮಂಡ್ಯದ ಕೇಂದ್ರ 1990ರ ದಶಕದಲ್ಲಿ ‘ಕೆಆರ್‌ಎಚ್-1’, ‘ಕೆಆರ್‌ಎಚ್-2’ ಎಂಬ ಹೈಬ್ರಿಡ್ ಭತ್ತಗಳನ್ನೂ ಕೊಟ್ಟದ್ದು ಇದೇ ಪರಂಪರೆಯಲ್ಲಿ. 1988ರ ಬೀಜ ನೀತಿ ವಿದೇಶಿ ಕಂಪನಿಗಳಿಗೂ ಬಾಗಿಲು ತೆರೆದ ಮೇಲೆ ಖಾಸಗಿ ಬೀಜ ಸಂಶೋಧನೆ ವೇಗ ಪಡೆಯಿತು. ಕಂಪನಿಗಳು ಸಾರ್ವಜನಿಕ ಸಂಸ್ಥೆಗಳ ತಳಿಸಂಪತ್ತಿನ ಮೇಲೆ ತಮ್ಮ ಹೈಬ್ರಿಡ್‌ಗಳನ್ನು ಕಟ್ಟಿ, ಅವುಗಳ ಗಂಡು–ಹೆಣ್ಣನ್ನು ಗುಟ್ಟಾಗಿ ಇಟ್ಟುಕೊಂಡವು. ಗುಟ್ಟು ಕಾಯಲು ಕಾನೂನು ಬೇಕಿರಲಿಲ್ಲ. ಹೈಬ್ರಿಡ್ ಬೀಜವನ್ನು ರೈತ ಉಳಿಸಿ ಬಿತ್ತಿದರೆ ಬೆಳೆಯ ಗುಣ ಒಡೆದು ಹೋಗುತ್ತದೆ, ಪ್ರತಿವರ್ಷ ಪ್ಯಾಕೆಟ್ ಕೊಳ್ಳಲೇಬೇಕು. ಆ ರೂಢಿಯನ್ನು ಹತ್ತಿ ರೈತರಲ್ಲಿ ಬೆಳೆಸಿದ್ದು ಎಚ್-4, ವರಲಕ್ಷ್ಮಿ, ಜಯಲಕ್ಷ್ಮಿಗಳೇ. ಮುಂದೆ ಬಂದ ಜೈವಿಕ ತಂತ್ರಜ್ಞಾನದ ವ್ಯಾಪಾರ ಈ ಸಾರ್ವಜನಿಕ ಬುನಾದಿಯ ಮೇಲೆಯೇ ಎದ್ದು ನಿಂತಿತು.

ಹೈಬ್ರಿಡ್ ಹತ್ತಿ ನೀರು, ಗೊಬ್ಬರ ಬೇಡುವ ಬೆಳೆ. ಹಸಿರಾಗಿ ಬಹುಕಾಲ ನಿಲ್ಲುವ ಈ ಗಿಡದಲ್ಲಿ ಕಾಯಿಕೊರಕ ಹುಳುವಿಗೆ ಹಬ್ಬ. 1980–90ರ ದಶಕಗಳಲ್ಲಿ ಔಷಧಿ ಸಿಂಪಡಿಕೆ ಏರುತ್ತ ಹೋಯಿತು, ಹುಳು ಔಷಧಿಗೆ ಒಗ್ಗಿಕೊಂಡಿತು, ರೈತರ ಸಾಲ ಬೆಳೆಯಿತು. ಈ ಸಂಕಟದ ನಡುವೆಯೇ ‘ಬಿಟಿ’ ಎಂಬ ಎರಡಕ್ಷರ ಇಂಡಿಯಾಕ್ಕೆ ಬಂದದ್ದು.

ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಇದು ತಯಾರಿಸುವ ಪ್ರೋಟೀನು ಕೆಲವು ಹುಳುಗಳ ಕರುಳನ್ನು ಕೆಡಿಸಿ ಕೊಲ್ಲುತ್ತದೆ. ಆ ಪ್ರೋಟೀನಿನ ವಂಶವಾಹಿಯನ್ನು ಮೊದಲು ಬೇರ್ಪಡಿಸಿದ್ದು ಕಂಪನಿಯಲ್ಲ. 1981ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಷ್ನೆಫ್ ಮತ್ತು ವೈಟ್ಲಿ ಎಂಬ ವಿಜ್ಞಾನಿಗಳು ಅದನ್ನು ಮಾಡಿದರು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಟ್ಟುಹಾಕಿದ ಪ್ಲಾಂಟ್ ಜೆನೆಟಿಕ್ ಸಿಸ್ಟಮ್ಸ್ ಕಂಪನಿ ಅಂಥ ವಂಶವಾಹಿಯನ್ನು ತಂಬಾಕಿನ ಗಿಡಕ್ಕೆ ಸೇರಿಸಿ 1980ರ ದಶಕದ ಮಧ್ಯದಲ್ಲೇ ತೋರಿಸಿತು. 1980ರಲ್ಲಿ ಅಮೆರಿಕದ ಬೇ–ಡೋಲ್ ಕಾಯ್ದೆ, ಸರ್ಕಾರಿ ಹಣದಿಂದ ನಡೆದ ಸಂಶೋಧನೆಗೂ ಪೇಟೆಂಟ್ ಪಡೆದು ಉದ್ಯಮಕ್ಕೆ ಕೊಡುವ ಹಕ್ಕನ್ನು ವಿಶ್ವವಿದ್ಯಾಲಯಗಳಿಗೆ ನೀಡಿತ್ತು. ಜ್ಞಾನ ಹುಟ್ಟುವ ಮನೆ ಮತ್ತು ಅದನ್ನು ಮಾರುವ ಅಂಗಡಿಯ ನಡುವಿನ ಗೋಡೆ ಅಲ್ಲಿ ಹೀಗೆ ಇಳಿಯಿತು.

ಇಂಡಿಯಾದಲ್ಲಿ ಬಿಟಿ ವಂಶವಾಹಿ ಹೊಂದಿದ್ದ ಅಮೆರಿಕದ ಮೊನ್ಸಾಂಟೊ ಕಂಪನಿ ಮಹಿಕೋದ ಜೊತೆ ಸೇರಿತು. ವಂಶವಾಹಿ ಸೇರಿಸಿದ ಹತ್ತಿಯ 100 ಗ್ರಾಂ ಬೀಜ 1996ರಲ್ಲಿ ಬಂತು. ಅದನ್ನು ಮಹಿಕೋ ತನ್ನ ಹೈಬ್ರಿಡ್‌ಗಳ ತಾಯಿ–ತಂದೆಗೆ ಬೆಸೆಯತೊಡಗಿತು. 1998ರಲ್ಲಿ ಎರಡು ಕಂಪನಿಗಳ ಸಮಪಾಲಿನ ಮಹಿಕೋ ಮೊನ್ಸಾಂಟೊ ಬಯೋಟೆಕ್ ಹುಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹೊಲಕ್ಕೆ ಬೆಂಕಿ ಹಚ್ಚಿತು. ತಮ್ಮ ಹೊಲದಲ್ಲಿ ಬೆಳೆಯುತ್ತಿರುವುದು ಕುಲಾಂತರಿ ಬೆಳೆ ಎಂದು ರೈತರಿಗೆ ತಿಳಿಸಿಲ್ಲ ಎಂಬುದು ಸಂಘದ ಮುಖ್ಯ ದೂರು. 2002ರ ಮಾರ್ಚ್ 26ರಂದು ಕೇಂದ್ರದ ಅನುಮತಿ ಸಮಿತಿ ಮೂರು ಬಿಟಿ ಹತ್ತಿ ಹೈಬ್ರಿಡ್‌ಗಳನ್ನು ಒಪ್ಪಿತು. ಹತ್ತಿಯ ಬೀಜ ವ್ಯಾಪಾರದ ಲೆಕ್ಕ ಅಲ್ಲಿಂದ ಬದಲಾಯಿತು. ವಂಶವಾಹಿಯನ್ನು ನಲವತ್ತಕ್ಕೂ ಹೆಚ್ಚು ಬೀಜ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು. 450 ಗ್ರಾಂ ಪ್ಯಾಕೆಟ್ಟಿನ ಬೆಲೆಯ ದೊಡ್ಡ ಭಾಗ ವಂಶವಾಹಿಯ ಬಾಡಿಗೆಯೇ ಆಯಿತು. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಆಯೋಗದ ಮೊರೆ ಹೋದ ಮೇಲೆ ಪ್ಯಾಕೆಟ್ಟಿನ ಬೆಲೆ 750 ರೂಪಾಯಿಗೆ ಇಳಿಯಿತು. ಚೀನಾ, ಅಮೆರಿಕಗಳಲ್ಲಿ ಈ ವಂಶವಾಹಿ ಸಾಮಾನ್ಯ ತಳಿಗಳಲ್ಲೂ ಇತ್ತು; ಇಂಡಿಯಾದಲ್ಲಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೈಬ್ರಿಡ್‌ಗಳಲ್ಲಿ. ಒಂದು ದಶಕದಲ್ಲಿ ದೇಶದ ಹತ್ತಿ ಹೊಲಗಳ ಶೇಕಡಾ 90ಕ್ಕೂ ಹೆಚ್ಚು ಭಾಗ ಬಿಟಿಯಾಯಿತು.

ಹೈಬ್ರಿಡ್ ಹತ್ತಿಗೆ ಹೆಸರು ಮಾಡಿದ ಧಾರವಾಡ ಈ ಪಂದ್ಯದಲ್ಲಿ ಹಿಂದೆ ಉಳಿಯಿತು. 1986ರಲ್ಲಿ ಸ್ವತಂತ್ರ ಕೃಷಿ ವಿಶ್ವವಿದ್ಯಾಲಯವಾದ ಧಾರವಾಡ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ದೆಹಲಿಯ ವಿಜ್ಞಾನಿಗಳ ಜೊತೆಗೂಡಿ ಸಾರ್ವಜನಿಕ ಬಿಟಿ ಹತ್ತಿ ಮಾಡಲು ಹೊರಟಿತು. ‘ಬಿಕಾನೇರಿ ನರ್ಮಾ’ ಎಂಬ ಹಳೆಯ ತಳಿಗೆ ಬಿಟಿ ವಂಶವಾಹಿ ಸೇರಿಸಿದರು. ಇದು ಹೈಬ್ರಿಡ್ ಅಲ್ಲ. ರೈತ ಬೀಜ ಉಳಿಸಿ ಮತ್ತೆ ಬಿತ್ತಬಹುದು. ಅದರ ಆಕರ್ಷಣೆಯೂ ಅದೇ. 2008ರಲ್ಲಿ ಅನುಮತಿ ಸಿಕ್ಕಿ 2009ರ ಮುಂಗಾರಿಗೆ ಬೀಜ ಹೊಲಕ್ಕೆ ಹೋಯಿತು. ಅದೇ ವರ್ಷದ ಕೊನೆಗೆ ಮಾರಾಟ ನಿಂತಿತು: ಬೀಜದಲ್ಲಿ ಮೊನ್ಸಾಂಟೊದ ‘ಮಾನ್ 531’ ಎಂಬ ವಂಶವಾಹಿ ಜೋಡಣೆಯ ಗುರುತು ಕಂಡುಬಂದಿತ್ತು. ವಿಚಾರಣೆಗಾಗಿ ನೇಮಿಸಿದ ಸೋಪೋರಿ ಸಮಿತಿ 2012ರ ವರದಿಯಲ್ಲಿ ಆ ಗುರುತನ್ನು ದೃಢಪಡಿಸಿ, ಸಂಸ್ಥೆಗಳ ಒಳಗಿನ ಪರೀಕ್ಷೆ, ದಾಖಲೆಗಳ ಲೋಪಗಳನ್ನು ಎತ್ತಿ ತೋರಿಸಿತು. ರೈತನಿಗೆ ಸ್ವಂತ ಬೀಜವಿರುವ ಬಿಟಿ ಹತ್ತಿ ಕೊಡುವ ಪ್ರಯತ್ನ ಹೀಗೆ ಒಂದೇ ಮುಂಗಾರಿನಲ್ಲಿ ಕುಸಿದದ್ದು ಕರ್ನಾಟಕದ ಕೃಷಿ ಸಂಶೋಧನೆಗೆ ಬಿದ್ದ ಭಾರಿ ಪೆಟ್ಟು.

ಇದೇ ಹೊತ್ತಿಗೆ ಬದನೆಯಲ್ಲಿ ಬೇರೊಂದು ಬಗೆಯ ಪಾಲುದಾರಿಕೆ ನಡೆಯುತ್ತಿತ್ತು. ಕುಡಿ ಮತ್ತು ಕಾಯಿಕೊರಕ ಹುಳು ಬದನೆಯ ಎಳೆಯ ಕುಡಿಯನ್ನು ಬಾಡಿಸಿ, ಕಾಯಿಯೊಳಗೆ ಹೊಕ್ಕು ಕುಳಿತುಬಿಡುತ್ತದೆ. ಒಳಗೆ ಹೋದ ಹುಳುವಿಗೆ ಔಷಧಿ ತಾಗುವುದಿಲ್ಲ. ಆದ್ದರಿಂದ ರೈತರು ಹೊರಗಿರುವಾಗಲೇ ಹಿಡಿಯಲೆಂದು ಪದೇಪದೇ ಹೊಡೆಯುತ್ತಾರೆ. ಮಹಿಕೋ ತನ್ನಲ್ಲಿದ್ದ ಬಿಟಿ ವಂಶವಾಹಿಯನ್ನು ಬದನೆಗೆ ಸೇರಿಸಿತು. ಅಮೆರಿಕದ ನೆರವು ಸಂಸ್ಥೆಯ ಹಣದಿಂದ ಕಾರ್ನೆಲ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಯೋಜನೆಯಡಿ 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮಹಿಕೋ ಮತ್ತು ಹೈದರಾಬಾದಿನ ಸದ್ಗುರು ಎಂಬ ಸಲಹಾ ಸಂಸ್ಥೆಯ ನಡುವೆ ಒಪ್ಪಂದವಾಯಿತು. ಕೊಯಮತ್ತೂರಿನ ವಿಶ್ವವಿದ್ಯಾಲಯವೂ ಈ ಯೋಜನೆಯಲ್ಲಿ ಸೇರಿತು. ಹೈಬ್ರಿಡ್ ಬದನೆ ಕಂಪನಿಯದು, ಮಾರಿ ಲಾಭ ಪಡೆಯಬಹುದು. ವಿಶ್ವವಿದ್ಯಾಲಯಗಳು ತಮ್ಮ ಸಾಮಾನ್ಯ ತಳಿಗಳಿಗೆ ಅದೇ ವಂಶವಾಹಿಯನ್ನು ಬಾಡಿಗೆ ಇಲ್ಲದೆ ಬೆಸೆದು, ಬಡ ರೈತರಿಗೆ ಕೊಡಬಹುದು ಎಂಬುದು ಒಪ್ಪಂದದ ತಿರುಳು.

ಬೆಸೆಯುವ ಕೆಲಸ ಹಳೆಯ ತಳಿವಿಜ್ಞಾನವೇ. ಕಂಪನಿಯ ಬಿಟಿ ಬದನೆಯ ಪರಾಗವನ್ನು ಊರಿನ ಬದನೆಗೆ ಕೊಟ್ಟರೆ ಹುಟ್ಟುವ ಗಿಡದಲ್ಲಿ ಅರ್ಧ ಕಂಪನಿಯ ಗುಣ. ಅದನ್ನು ಮತ್ತೆ ಊರಿನ ತಳಿಗೇ ಸೇರಿಸಿ, ಮರಿಗಿಡಗಳಲ್ಲಿ ವಂಶವಾಹಿ ಇರುವುದನ್ನು ಮಾತ್ರ ಉಳಿಸಿಕೊಂಡರೆ ಆ ಪಾಲು ಕಾಲು ಭಾಗಕ್ಕಿಳಿಯುತ್ತದೆ. ಹೀಗೆ ಆರು ಸಲ ಹಿಂದಿರುಗಿಸಿದರೆ ಹೊರಗಿನ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಬಣ್ಣ, ಆಕಾರ, ರುಚಿ ಊರಿನದೇ. ಒಂದು ವಂಶವಾಹಿ ಮಾತ್ರ ಹೊರಗಿನದು. ಧಾರವಾಡ ಇದಕ್ಕೆ ಆರಿಸಿದ್ದು ಆರು ತಳಿಗಳನ್ನು. ಅವುಗಳಲ್ಲಿ ಮಲಾಪುರ, ಕುಡಚಿ, ರಬಕವಿ ಮತ್ತು ಉಡುಪಿಯ ಬದನೆಗಳೂ ಇದ್ದವು. ಈ ಹೆಸರುಗಳನ್ನು ಓದಿದರೆ ಊರುಗಳೇ ಕಣ್ಣ ಮುಂದೆ ಬರುತ್ತವೆ. ಇವು ಯಾವ ವಿಜ್ಞಾನಿಯೂ ಹೊಸದಾಗಿ ಮಾಡಿದ ತಳಿಗಳಲ್ಲ. ರೈತರು ತಲೆತಲಾಂತರದಿಂದ ಆರಿಸಿ ಉಳಿಸಿದವು. ಕರಾವಳಿಯಲ್ಲಿ ಮಟ್ಟು ಗುಳ್ಳ ಎಂಬ ಉಡುಪಿಯ ಬದನೆಯ ಬೀಜವನ್ನು ಯತಿ ವಾದಿರಾಜರು ಕೊಟ್ಟರೆಂಬ ನಂಬಿಕೆಯಿದೆ. ಉಡುಪಿಯ ಬದನೆಗೆ ಬಿಟಿ ಸೇರಿಸುತ್ತಾರೆಂಬ ಸುದ್ದಿ ಅಲ್ಲಿ ಕಳವಳ ಹುಟ್ಟಿಸಿದ್ದು ಸಹಜ. ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

2009ರ ಅಕ್ಟೋಬರ್ 14ರಂದು ಅನುಮತಿ ಸಮಿತಿ ಬಿಟಿ ಬದನೆಯನ್ನು ಒಪ್ಪಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಅಭಿಪ್ರಾಯ ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ ನಡೆಯಿತು. 2010ರ ಫೆಬ್ರವರಿ 9ರಂದು ಅನುಮತಿಗೆ ತಡೆ ಬಿತ್ತು. ಇಂಡಿಯಾದಲ್ಲಿ ಆ ತಡೆ ಮತ್ತೆ ತೆರವಾಗಲಿಲ್ಲ. ಅದೇ ಯೋಜನೆಯ ಫಲ ಬಾಂಗ್ಲಾದೇಶಕ್ಕೆ ದಕ್ಕಿತು: ಅಲ್ಲಿನ ಸರ್ಕಾರ 2013ರ ಅಕ್ಟೋಬರ್‌ನಲ್ಲಿ ನಾಲ್ಕು ಸ್ಥಳೀಯ ತಳಿಗಳ ಬಿಟಿ ಬದನೆಯನ್ನು ಒಪ್ಪಿ, 2014ರ ಜನವರಿಯಲ್ಲಿ 20 ರೈತರಿಗೆ ಸಸಿ ಕೊಟ್ಟಿತು.

ಧಾರವಾಡದಲ್ಲಿ ಮಾತ್ರ ಬದನೆಯ ಕಥೆ ನ್ಯಾಯಾಲಯಕ್ಕೆ ಹೋಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಪಾಲುದಾರಿಕೆ ಇರುವ ಕಂಪನಿ ಇಲ್ಲಿನ ಜೀವಸಂಪತ್ತನ್ನು ಸಂಶೋಧನೆಗೋ ವ್ಯಾಪಾರಕ್ಕೋ ಬಳಸಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಆಗ ಬೇಕಿತ್ತು. ಮಹಿಕೋದಲ್ಲಿ ಮೊನ್ಸಾಂಟೊಗೆ ಶೇಕಡಾ 26ರಷ್ಟು ಪಾಲಿತ್ತು. ಊರಿನ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರಿತು. 2012ರಲ್ಲಿ ಪ್ರಾಧಿಕಾರ ಮತ್ತು ಮಂಡಳಿಗಳ ಕಡೆಯಿಂದ ಧಾರವಾಡದಲ್ಲಿ ಮೊಕದ್ದಮೆ ಹೂಡಲಾಯಿತು. ಕಂಪನಿಯ ಜೊತೆಗೆ ವಿಶ್ವವಿದ್ಯಾಲಯದವರೂ ಆರೋಪಿಗಳ ಪಟ್ಟಿಗೆ ಸೇರಿದರು. ಸಾರ್ವಜನಿಕ ಹಿತದ ಸಂಶೋಧನೆ ಮಾಡಿದ್ದೇವೆ ಎಂಬುದು ವಿಶ್ವವಿದ್ಯಾಲಯದ ನಿಲುವು. ಆದರೆ ಮೊಕದ್ದಮೆ ಎತ್ತಿದ ಪ್ರಶ್ನೆ ಅದಕ್ಕಿಂತ ಮೂಲದ್ದು: ರೈತರು ಉಳಿಸಿದ ತಳಿಯನ್ನು ಒಪ್ಪಂದದಲ್ಲಿ ತನ್ನದೆಂದು ಮುಂದಿಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಎಲ್ಲಿಂದ ಬಂತು? ಲಕ್ಷ್ಮಿ, ವರಲಕ್ಷ್ಮಿಗಳ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಆಗ ಯಾರೂ ಬೀಜದೊಳಗಿನ ಒಂದು ತುಣುಕಿಗೆ ಬಾಡಿಗೆ ಕೇಳುತ್ತಿರಲಿಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿ ನೋಂದಣಿಯ ಹಕ್ಕನ್ನು ತಳಿವಿಜ್ಞಾನಿಯ ಜೊತೆಗೆ ರೈತರಿಗೂ ಕೊಟ್ಟದ್ದು ಈ ಬದಲಾದ ಕಾಲಕ್ಕೆ ಶಾಸಕಾಂಗ ಕೊಟ್ಟ ಉತ್ತರ.

ಈ ನಡುವೆ ಹತ್ತಿಯಲ್ಲಿ ಬಿಟಿ ವಂಶವಾಹಿಯ ಬಲವೂ ಕುಂದಿತು. 2006ರಲ್ಲಿ ಎರಡು ವಂಶವಾಹಿಗಳ ಬೋಲ್‌ಗಾರ್ಡ್-2 ಎಂಬ ಬಿಟಿ ಹತ್ತಿ ಬಂದರೂ ಗುಲಾಬಿ ಕಾಯಿಕೊರಕ ಮೊದಲು ಒಂದಕ್ಕೆ, ಆಮೇಲೆ ಎರಡಕ್ಕೂ ಒಗ್ಗಿಕೊಂಡಿತು. ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಹತ್ತಿ ಬೀಜದ ಬೆಲೆ ನಿಯಂತ್ರಣ ಆದೇಶ ಹೊರಡಿಸಿ, 2016ರಲ್ಲಿ ಬೋಲ್‌ಗಾರ್ಡ್-2 ಪ್ಯಾಕೆಟ್ಟಿನ ಬೆಲೆಯನ್ನು 800 ರೂಪಾಯಿಗೆ, ಅದರಲ್ಲಿ ವಂಶವಾಹಿಯ ಬಾಡಿಗೆಯನ್ನು 49 ರೂಪಾಯಿಗೆ ನಿಗದಿ ಮಾಡಿತು. ಇಷ್ಟೆಲ್ಲದರ ನಡುವೆಯೂ ಧಾರವಾಡದ ಡಿಸಿಎಚ್-32 ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕಡೆಯ ಹೊಲಗಳಲ್ಲಿ ಉಳಿಯಿತು. ಬೆಂಬಲ ಬೆಲೆಯ ಪಟ್ಟಿಯಲ್ಲೂ ಅತಿ ಉದ್ದ ಎಳೆಯ ಹತ್ತಿಯ ಗುರುತಾಗಿ ಅದೇ ಹೆಸರು ನಿಂತಿತು.